ಶಿಳ್ಳೆ ಎಲ್ಲರದು, ಫೋನು ನಿಮ್ಮೊಬ್ಬರದು!

ಏನ್ರಪ್ಪಾ ಗೆಳೆಯರೇ, ಶುಕ್ರವಾರದ ಟಿಕೆಟ್ ಸಿಕ್ತಾ? ಸಿಕ್ಕಿದ್ದರೆ ಬೆಳಗಿನ ಆಟಕ್ಕೆ ಹೊರಡುವ ಮೊದಲು ಈ ಪುಟ ಓದಿಬಿಡಿ. ಸಿಗದಿದ್ದರೂ ಓದಿ. ನಿಮ್ಮ ಬಸ್ಸು ಬರುವುದು ಹೇಗೂ ತಡ!

ಈ ವಾರದ ಪಂಚಾಯ್ತಿ ಹೀರೋ ಬಗ್ಗೆ ಅಲ್ಲ, ಹೀರೋಯಿನ್ ಬಗ್ಗೆಯೂ ಅಲ್ಲ. ನಿಮ್ಮ ಜೇಬಿನಲ್ಲೇ ಬೆಚ್ಚಗೆ ಕೂತಿರುವ ಖಳನಾಯಕನ ಬಗ್ಗೆ. ಇವನಿಗೆ ಕರಿ ಕನ್ನಡಕವಿಲ್ಲ, ಬಾಯಲ್ಲಿ ಚುಟ್ಟಾ ಇಲ್ಲ, ಕೈಯಲ್ಲಿ ಪಿಸ್ತೂಲೂ ಇಲ್ಲ. ಆದರೂ ಎರಡೂವರೆ ಗಂಟೆಯ ಸಿನಿಮಾವನ್ನು ಎರಡೇ ಕ್ಷಣದಲ್ಲಿ ಕೆಡಿಸಬಲ್ಲ ಭೂಪ. ಗೊತ್ತಾಯಿತಲ್ಲ? ಹೌದು, ಮೊಬೈಲ್ ಫೋನು!

‘ಶುರುವಾಯ್ತಪ್ಪ ಮೇಷ್ಟ್ರ ಉಪದೇಶ’ ಎಂದು ಪುಟ ತಿರುಗಿಸಬೇಡಿ. ಟಾಕೀಸಿನಲ್ಲಿ ಶಿಳ್ಳೆ ಹೊಡೆಯಬೇಡಿ ಎನ್ನುವ ಜಾತಿಯವನು ನಾನಲ್ಲ. ಹೀರೋ ಎಂಟ್ರಿಗೆ ಒಂದು ಶಿಳ್ಳೆಯೂ ಬೀಳದಿದ್ದರೆ ಅದು ಸಿನಿಮಾನೋ, ಸಾವಿನ ಮನೆಯೋ? ಕಾಗದದ ಚೂರು ತೂರಿ. ಕುರ್ಚಿ ಮುರಿಯದ ಹಾಗೆ ಕುಣಿಯಿರಿ. ಗಂಟಲು ಹರಿಯುವ ತನಕ ಜೈಕಾರ ಹಾಕಿ. ಆ ಒಂದು ನಿಮಿಷ ಗಾಂಧಿ ಕ್ಲಾಸಿನವನೂ ಬಾಲ್ಕನಿಯವನೂ ಒಂದೇ ಮನೆಯ ಅಣ್ಣತಮ್ಮಂದಿರು. ಶಿಳ್ಳೆ ಎಲ್ಲರದು ಸ್ವಾಮೀ!

ಫೋನು ಹಾಗಲ್ಲ. ಅದರ ಕರೆ ಒಬ್ಬನಿಗೆ, ಅದರ ಮೆಸೇಜು ಒಬ್ಬನಿಗೆ. ಅದರ ಹಿಂಸೆ ಮಾತ್ರ ಹತ್ತು ಸಾಲಿಗೆ! ನನ್ನ ತಕರಾರು ಇಷ್ಟೇ.

ಕತ್ತಲಲ್ಲಿ ಕೊಳ್ಳಿ

ಮೊದಲು ಬೆಳಕಿನ ವಿಚಾರ. ಹಿಂದೆ ತಡವಾಗಿ ಬಂದವರಿಗೆ ಸೀಟು ತೋರಿಸಲು ಗೇಟ್‌ಕೀಪರ್ ಬ್ಯಾಟರಿ ಹಿಡಿದು ಮುಂದೆ ನಡೆಯುತ್ತಿದ್ದ. ಬಲ್ಲವರಿಗೆ ನೆನಪಿರಬೇಕು, ಆ ಬ್ಯಾಟರಿಯ ಬೆಳಕನ್ನು ಅವನು ನೆಲಕ್ಕೇ ಬಿಡುತ್ತಿದ್ದ. ಕೂತವರ ಮುಖಕ್ಕೆ ಹಿಡಿಯುತ್ತಿರಲಿಲ್ಲ. ಜನ ಕಾಸು ಕೊಟ್ಟಿರುವುದು ಆ ಕತ್ತಲೆಗೂ ಸೇರಿಸಿ ಎಂಬ ತಿಳಿವಳಿಕೆ ಅವನಿಗಿತ್ತು. ಎಸ್ಸೆಸ್ಸೆಲ್ಸಿ ಪಾಸಾಗದ ಅವನಿಗಿದ್ದ ಆ ಬುದ್ಧಿ, ಇಪ್ಪತ್ತು ಸಾವಿರದ ಫೋನು ಹಿಡಿದ ನಮಗೆ ಬೇಡವೇ?

ಈಗ ಒಂದು ಲೆಕ್ಕ ಕೇಳಿ. ತೆರೆಯ ಹೊಳಪನ್ನು ಅಳೆಯಲು ‘ನಿಟ್’ ಎಂಬ ಅಳತೆಯಿದೆ. ಡಿಜಿಟಲ್ ಸಿನಿಮಾದ ನಿಯಮದಂತೆ ಥಿಯೇಟರಿನ ತೆರೆಯ ಮೇಲೆ ಅಚ್ಚ ಬಿಳಿ ಬಣ್ಣದ ಹೊಳಪು ಸುಮಾರು 48 ನಿಟ್. ನಿಮ್ಮ ಹೀರೋ ಬಿಳಿ ಪಂಚೆಯುಟ್ಟು ನಡು ಬಿಸಿಲಲ್ಲಿ ನಡೆದು ಬಂದರೂ ಅಷ್ಟೇ! ನಿಮ್ಮ ಕೈಯ ಫೋನೋ, ಪೂರ್ತಿ ಬೆಳಕಿಗಿಟ್ಟರೆ ಸಾಧಾರಣ ಸೆಟ್ಟೇ 400-500 ನಿಟ್ ಮುಟ್ಟುತ್ತದೆ. ಅಂದರೆ ತೆರೆಗಿಂತ ಎಂಟು ಹತ್ತು ಪಟ್ಟು ಪ್ರಖರ. ಅಂಗೈಯಗಲದ ಪೆಟ್ಟಿಗೆ ನಲವತ್ತು ಅಡಿಯ ತೆರೆಯನ್ನು ಸೋಲಿಸುವುದು ಹೀಗೆ.

ಇನ್ನು ಕಣ್ಣಿನ ಕಥೆ. ಬಿಸಿಲಿನಿಂದ ಒಳಗೆ ಬಂದ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಫಳಾರನೆ ಒಂದು ಬೆಳಕು ಹೊಡೆದರೆ ಆ ಹೊಂದಾಣಿಕೆ ಕೆಟ್ಟುಹೋಗುತ್ತದೆ. ಕ್ಯಾಮೆರಾಮನ್ ನಿದ್ದೆಗೆಟ್ಟು ಒಂದು ರಾತ್ರಿ ದೃಶ್ಯ ತೆಗೆದಿರುತ್ತಾನೆ. ಮರದ ನೆರಳಲ್ಲಿ ವಿಲನ್ ನಿಂತಿದ್ದಾನೋ ಇಲ್ಲವೋ ಎನ್ನುವಷ್ಟೇ ಬೆಳಕು. ಅದೇ ಹೊತ್ತಿಗೆ ಮುಂದಿನ ಸಾಲಿನ ಪುಣ್ಯಾತ್ಮ ‘ಊಟ ಆಯ್ತಾ’ ಎಂಬ ಮೆಸೇಜಿಗೆ ‘ಹೂಂ’ ಎಂದು ಉತ್ತರ ಬರೆಯುತ್ತಾನೆ. ಮುಗಿಯಿತು! ಹಿಂದೆ ಕೂತ ಇಪ್ಪತ್ತು ಜನಕ್ಕೆ ವಿಲನ್ನೂ ಕಾಣಲಿಲ್ಲ, ಮರವೂ ಕಾಣಲಿಲ್ಲ. ಕಂಡಿದ್ದು ಇವನ ಊಟ ಮಾತ್ರ.

ಆ ಧ್ವನಿಗಾಗಿ ಹೋದವರು

ಸದ್ದಿನ ವಿಚಾರಕ್ಕೆ ಬರೋಣ. 2021ರ ಅಕ್ಟೋಬರ್ 29ರಂದು ನಮ್ಮ ಅಪ್ಪು ಹೋದರು. ‘ಜೇಮ್ಸ್’ ಚಿತ್ರಕ್ಕೆ ಅವರು ಡಬ್ಬಿಂಗ್ ಮುಗಿಸಿರಲಿಲ್ಲ. ಅಣ್ಣ ಶಿವರಾಜ್‌ಕುಮಾರ್ ತಮ್ಮನ ಪಾತ್ರಕ್ಕೆ ಧ್ವನಿ ಕೊಟ್ಟರು. 2022ರ ಮಾರ್ಚ್ 17ರಂದು, ಅಪ್ಪು ಹುಟ್ಟಿದ ದಿನವೇ ಚಿತ್ರ ತೆರೆಗೆ ಬಂತು. ಮುಂದಿನ ತಿಂಗಳು ತಂತ್ರಜ್ಞಾನದ ಸಹಾಯದಿಂದ ಅಪ್ಪು ಅವರದೇ ಧ್ವನಿಯನ್ನು ಕೂಡಿಸಿ ಮತ್ತೆ ತೋರಿಸಿದರು. ಒಮ್ಮೆ ನೋಡಿದ್ದ ಚಿತ್ರಕ್ಕೇ ಜನ ಮತ್ತೆ ಹೋದರು. ಯಾಕೆ? ಆ ಧ್ವನಿ ಕೇಳಲು.

ಅಂಥ ಹೊತ್ತಿನಲ್ಲಿ ಪಕ್ಕದವನ ಜೇಬಿನಿಂದ ಡಿಸ್ಕೋ ರಿಂಗ್‌ಟೋನು ಮೊಳಗಿದರೆ ಹೇಗಿದ್ದೀತು, ನೀವೇ ಹೇಳಿ. ಅವನು ಗಾಬರಿಯಲ್ಲಿ ಜೇಬು ತಡಕಾಡಿ, ಫೋನು ಹೊರತೆಗೆದು, ‘ಹಲೋ, ಸಿನಿಮಾದಲ್ಲಿದೀನಿ ಕಣೋ, ಆಮೇಲೆ ಮಾಡು’ ಅನ್ನುವಷ್ಟರಲ್ಲಿ ತೆರೆಯ ಮೇಲೆ ಆಡಿದ ಮಾತು ಆಡಿ ಹೋಯಿತು. ಟೀವಿಯಲ್ಲಾದರೆ ಹಿಂದಕ್ಕೆ ತಿರುಗಿಸಿ ಕೇಳಬಹುದು. ಟಾಕೀಸಿನಲ್ಲಿ ಪ್ರೊಜೆಕ್ಟರಿಗೆ ‘ಇನ್ನೊಂದ್ಸಲ ಹೇಳಪ್ಪಾ’ ಅನ್ನಕ್ಕಾಗುತ್ತಾ?

ಶಿಳ್ಳೆಯಿಂದಲೂ ಮಾತು ಮುಚ್ಚಿಹೋಗುತ್ತದಲ್ಲ ಅಂತೀರಾ? ನಿಜ, ಒಪ್ಪಿದೆ. ಆದರೆ ಶಿಳ್ಳೆ ಹೊಡೆಯುವವನು ಸಿನಿಮಾದ ಒಳಗೇ ಇರುತ್ತಾನೆ. ಫೋನೆತ್ತಿದವನು ಹೊರಗೆ ಹೋಗುತ್ತಾನೆ, ಹೋಗುವಾಗ ಅಕ್ಕಪಕ್ಕದವರನ್ನೂ ರಟ್ಟೆ ಹಿಡಿದು ಎಳೆದುಕೊಂಡು ಹೋಗುತ್ತಾನೆ. ಇಡೀ ಹಾಲು ಒಟ್ಟಿಗೆ ಟಾರ್ಚ್ ಹಚ್ಚಿ ಹಾಡಿಗೆ ತೂಗಾಡಿದರೆ ನನ್ನ ತಕರಾರಿಲ್ಲ. ಅದೂ ಶಿಳ್ಳೆಯ ಹಾಗೇ, ಎಲ್ಲರದು.

ಅಭಿಮಾನಿಯೋ, ಕಳ್ಳನೋ?

ಈಗ ಹೇಳುವುದು ಸ್ವಲ್ಪ ಖಾರದ ಮಾತು. ಮೊದಲ ದಿನದ ಮೊದಲ ಆಟ. ಹೀರೋ ಇನ್ನೂ ಮುಖ ತೋರಿಸಿಲ್ಲ, ಬರೀ ಬೂಟಿನ ಕಾಲು ಬಂದಿದೆ. ಅಷ್ಟರಲ್ಲೇ ನೂರು ಕೈ ಮೇಲೇಳುತ್ತವೆ. ಚಪ್ಪಾಳೆಗಲ್ಲ, ಶೂಟಿಂಗಿಗೆ! ಎಂಟ್ರಿ, ಇಂಟರ್‌ವೆಲ್ ಬ್ಲಾಕು, ಕ್ಲೈಮ್ಯಾಕ್ಸು ಎಲ್ಲವೂ ಮಧ್ಯಾಹ್ನದ ಊಟದೊಳಗೆ ಸ್ಟೇಟಸ್ಸಿನಲ್ಲಿ ಹಾಜರ್. ‘ನಾನು ಮೊದಲು ನೋಡಿದೆ’ ಎಂಬ ಗತ್ತು.

ತಮ್ಮಾ, ಸ್ವಲ್ಪ ಯೋಚನೆ ಮಾಡು. ಕೊಪ್ಪಳದಲ್ಲೋ ಕೊಳ್ಳೇಗಾಲದಲ್ಲೋ ನಿನ್ನಂಥದೇ ಒಬ್ಬ ಹುಡುಗ ಭಾನುವಾರದ ಆಟಕ್ಕೆಂದು ಕೂಲಿ ದುಡ್ಡು ಎತ್ತಿಟ್ಟುಕೊಂಡು ಕಾದಿದ್ದಾನೆ. ಅವನಿಗೆ ಸಿಗಬೇಕಾದ ಮೈ ಜುಮ್ಮೆನ್ನುವ ಗಳಿಗೆಯನ್ನು ನೀನು ಅಲ್ಲಾಡುವ, ಮಸುಕಾದ ಅರ್ಧ ನಿಮಿಷದ ತುಣುಕು ಮಾಡಿ ಹಂಚಿಬಿಟ್ಟೆ. ಅವನು ಟಿಕೆಟ್ ತೆಗೆಯುವ ಮೊದಲೇ ಗುಟ್ಟು ರಟ್ಟು! ನೀನು ಜೈಕಾರ ಹಾಕುವ ಹೀರೋ ಅದಕ್ಕಾಗಿ ತಿಂಗಳುಗಟ್ಟಲೆ ಮೈ ದಂಡಿಸಿರುತ್ತಾನೆ. ಫೈಟರು ಕೈ ಮುರಿದುಕೊಂಡಿರುತ್ತಾನೆ. ನಿರ್ಮಾಪಕ ಬಡ್ಡಿಗೆ ದುಡ್ಡು ತಂದಿರುತ್ತಾನೆ. ಅವರ ಹೊಟ್ಟೆಯ ಮೇಲೆ ಹೊಡೆಯುವವನು ಅಭಿಮಾನಿ ಹೇಗಾದಾನು?

ಬರೀ ಮನಸ್ಸಿಗೆ ಬಿಟ್ಟ ಮಾತಾಗಿದ್ದರೆ ನಾನು ಇಷ್ಟಕ್ಕೇ ನಿಲ್ಲಿಸುತ್ತಿದ್ದೆ. ಕಾನೂನೂ ಇದೆ. 1952ರ ಸಿನಿಮಾಟೋಗ್ರಾಫ್ ಕಾಯ್ದೆಗೆ ಪಾರ್ಲಿಮೆಂಟು 2023ರಲ್ಲಿ ತಿದ್ದುಪಡಿ ತಂದಿತು. ಚಿತ್ರಮಂದಿರದಲ್ಲಿ ಚಿತ್ರದ ಕಳ್ಳಪ್ರತಿ ಮಾಡುವ ಅಥವಾ ಹರಡುವ ಉದ್ದೇಶದಿಂದ ರೆಕಾರ್ಡ್ ಮಾಡುವುದು ಅಪರಾಧ. ಪೂರ್ತಿ ಚಿತ್ರವೇ ಆಗಬೇಕಿಲ್ಲ, ಅದರ ಒಂದು ಭಾಗವಾದರೂ ಸರಿ ಎಂದು ಕಾಯ್ದೆ ಬಿಡಿಸಿ ಹೇಳುತ್ತದೆ. ಶಿಕ್ಷೆ ಎಷ್ಟು ಗೊತ್ತೇ? ಕಡಿಮೆಯೆಂದರೆ 3 ತಿಂಗಳು ಜೈಲು, 3 ಲಕ್ಷ ರೂಪಾಯಿ ದಂಡ. ಜೈಲು 3 ವರ್ಷದವರೆಗೆ ಹೋಗಬಹುದು. ದಂಡ ಚಿತ್ರ ತಯಾರಿಕೆಯ ಒಟ್ಟು ವೆಚ್ಚದ 5 ಪರ್ಸೆಂಟಿನವರೆಗೂ ಏರಬಹುದು. ನೂರು ಕೋಟಿಯ ಚಿತ್ರಕ್ಕೆ 5 ಪರ್ಸೆಂಟ್ ಎಷ್ಟಾಯಿತು, ಲೆಕ್ಕ ಹಾಕಿಕೊಳ್ಳಿ. ಊರಿನ ಹೊಲ, ಮನೆ, ಅಮ್ಮನ ಸರ ಎಲ್ಲ ಮಾರಿದರೂ ಸಾಲದು! ‘ನಂದು ಬರೀ ಸ್ಟೇಟಸ್ ಸಾರ್’ ಎಂದು ಪೊಲೀಸರ ಮುಂದೆ ಕೈಕಟ್ಟಿ ನಿಲ್ಲುವ ಗತಿ ಯಾಕೆ ಬೇಕು? ತೆರೆಯ ಮೇಲೆ ಹೀರೋ ಜೈಲಿಗೆ ಹೋದರೆ ಇಂಟರ್‌ವೆಲ್ ಆದಮೇಲೆ ಹೊರಗೆ ಬರುತ್ತಾನೆ. ನಮಗೆ ಅಂಥ ಕಥೆಗಾರ ಇರುವುದಿಲ್ಲ.

ಬಸ್ಸಿನೊಳಗಿನ ಅರ್ಧ ಕಥೆ

ಸಿನಿಮಾ ಬಿಟ್ಟಿತು, ಬಸ್ಸು ಹತ್ತಿದಿರಿ. ಖಳನಾಯಕ ಅಲ್ಲಿಗೂ ಬಂದ! ಮುಂದಿನ ಸೀಟಿನ ಯಜಮಾನರು ಗಟ್ಟಿ ದನಿಯಲ್ಲಿ, ‘ಹಲೋ... ಹಾಂ... ಏನು?... ಅಯ್ಯೋ ಶಿವನೇ!... ಯಾವಾಗ?... ಅವಳೇನಂದ್ಲು?... ಥೂ ಥೂ... ಆಯ್ತು ಇಡು.’ ಮುಗಿಯಿತು ಮಾತು. ಇಡೀ ಬಸ್ಸಿಗೆ ನಿದ್ದೆ ಹಾರಿಹೋಯಿತು. ಯಾರಿಗೆ ಏನಾಯಿತು? ಅವಳು ಯಾರು? ಏನಂದಳು?

ಇದು ತಮಾಷೆಯಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಇದನ್ನೇ ಪರೀಕ್ಷಿಸಿ ಬರೆದರು. ಇಬ್ಬರು ಆಡುವ ಮಾತು ಪೂರ್ತಿ ಕಿವಿಗೆ ಬಿದ್ದರೆ ನಮ್ಮ ಗಮನ ಅಷ್ಟು ಕೆಡುವುದಿಲ್ಲ. ಫೋನಿನಲ್ಲಿ ಒಂದು ಕಡೆಯ ಮಾತು ಮಾತ್ರ ಬಿದ್ದರೆ ಕೆಡುತ್ತದೆ. ಮುಂದೇನು ಬರುತ್ತದೋ ಎಂದು ಮಿದುಳು ಊಹೆ ಮಾಡುತ್ತಲೇ ಇರುತ್ತದೆ, ಊಹೆಗೆ ಸಿಗುವುದಿಲ್ಲ. ಕೊನೇ ರೀಲು ಕಳೆದುಹೋದ ಪತ್ತೇದಾರಿ ಚಿತ್ರದ ಹಾಗೆ!

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತಾದಿಂದ ದಿಲ್ಲಿಯ ಟೆಲಿಕಾಂ ಮಂತ್ರಿ ಸುಖ್ ರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಆಗ ಬಂದ ಕರೆಗೂ ದುಡ್ಡು ತೆರಬೇಕಿತ್ತು. ಜನ ಗಡಿಯಾರ ನೋಡಿಕೊಂಡು ಎರಡೇ ಮಾತು ಆಡಿ ಇಡುತ್ತಿದ್ದರು. 2003ರಲ್ಲಿ ಒಳಬರುವ ಕರೆ ಪುಕ್ಕಟೆಯಾಯಿತು. ಕಾಸಿನ ಕಡಿವಾಣ ಹೋಯಿತು. ಅದರ ಜಾಗಕ್ಕೆ ಮರ್ಯಾದೆಯ ಕಡಿವಾಣ ಬರಬೇಕಿತ್ತು, ಅದಿನ್ನೂ ಬಸ್ಸು ಹತ್ತಿಲ್ಲ.

ಮಾತಾದರೂ ಆಡಿ ಮುಗಿಯುತ್ತದೆ. ಫೋನಿನಲ್ಲಿ ಜೋರಾಗಿ ಹಾಡು, ವಿಡಿಯೋ ಹಾಕುವವರು? 2021ರ ನವೆಂಬರಿನಲ್ಲಿ ಈ ಗಲಾಟೆ ಕರ್ನಾಟಕ ಹೈಕೋರ್ಟಿನವರೆಗೆ ಹೋಯಿತು. ಸರ್ಕಾರಿ ಬಸ್ಸಿನಲ್ಲಿ ಮೊಬೈಲಿನಿಂದ ಜೋರು ಸದ್ದು ಮಾಡುವಂತಿಲ್ಲ ಎಂದು ಆದೇಶವಾಯಿತು. ಕಂಡಕ್ಟರ್ ಮೊದಲು ಕೇಳಿಕೊಳ್ಳಬೇಕು, ಮಾತು ಕೇಳದಿದ್ದರೆ ಪ್ರಯಾಣಿಕನನ್ನು ಇಳಿಸಲೂಬಹುದು. ಮೆಚ್ಚಿನ ಹೀರೋನ ಹಾಡೇ ಇರಲಿ, ರಾತ್ರಿ ಹನ್ನೊಂದಕ್ಕೆ ಶಿರಾ ದಾಟಿದ ಮೇಲೆ ಎಲ್ಲರ ಕಿವಿಗೂ ತುರುಕಿದರೆ ಆ ಹೀರೋನ ಮೇಲೇ ಜನಕ್ಕೆ ಸಿಟ್ಟು ಬರುತ್ತದೆ. ಇಯರ್‌ಫೋನು ಹಾಕಿಕೊಂಡರೆ ಹಾಡೂ ಉಳಿಯಿತು, ಹೀರೋನ ಮಾನವೂ ಉಳಿಯಿತು.

ಹಾಗಾದ್ರೆ ಏನ್ಮಾಡೋದು?

ಕಷ್ಟವೇನಿಲ್ಲ. ಹೆಸರು ಬೀಳುವ ಮೊದಲೇ ಫೋನನ್ನು ಸೈಲೆಂಟ್ ಮಾಡಿ. ವೈಬ್ರೇಟ್ ಸಾಲದು, ಕುರ್ಚಿಯ ಕೈ ಮೇಲಿಟ್ಟರೆ ಅದು ರುಬ್ಬುಗುಂಡಿನ ಹಾಗೆ ಗುರ್ ಎನ್ನುತ್ತದೆ. ಜೇಬಿಗೆ ಹಾಕಿ ಮರೆತುಬಿಡಿ. ಆಸ್ಪತ್ರೆಯಲ್ಲಿ ಯಾರಾದರೂ ಇದ್ದಾರೋ, ಹೆಂಡತಿಗೆ ದಿನ ತುಂಬಿದೆಯೋ, ಬಾಗಿಲ ಪಕ್ಕದ ಸೀಟು ಹಿಡಿಯಿರಿ. ಕರೆ ಬಂತು, ಎದ್ದು ಹೊರಗೆ ಹೋಗಿ ಮಾತಾಡಿ. ಯಾರೂ ಬೇಡ ಅನ್ನುವುದಿಲ್ಲ. ತುರ್ತು ಕೆಲಸ ಹಿಂದೆಯೂ ಇತ್ತು. ಇಂಥವರು ಹೊರಗೆ ಬನ್ನಿ ಎಂದು ತೆರೆಯ ಮೇಲೇ ಸ್ಲೈಡ್ ಹಾಕುತ್ತಿದ್ದ ಟಾಕೀಸುಗಳಿದ್ದವು.

ಪಕ್ಕದವನು ಫೋನು ಬೆಳಗಿಸಿದರೆ? ಕಾಲರ್ ಹಿಡಿಯಬೇಡಿ, ಫೈಟಿಂಗು ತೆರೆಯ ಮೇಲಿದ್ದರೆ ಚೆಂದ. ‘ಅಣ್ಣಾ, ಸ್ವಲ್ಪ ಫೋನು ಒಳಗಿಡ್ತೀರಾ, ಕಣ್ಣಿಗೆ ಹೊಡೀತದೆ’ ಅನ್ನಿ. ಹತ್ತರಲ್ಲಿ ಒಂಬತ್ತು ಜನ ‘ಸಾರಿ ಗುರು’ ಎಂದು ಇಟ್ಟುಬಿಡುತ್ತಾರೆ. ಹತ್ತನೆಯವನಿಗೆ ಗೇಟ್‌ಕೀಪರ್ ಇದ್ದಾನೆ. ನಿಮ್ಮ ಗ್ಯಾಂಗಿನವನೇ ಆಗಿದ್ದರೆ ನೇರವಾಗಿ ‘ಒಳಗಿಡೋ ಲೇ’ ಎಂದರೆ ಸಾಕು. ಬೇರೆಯವರು ಹೇಳುವ ಮೊದಲು ನೀವೇ ಹೇಳುವುದು ಮೇಲು.

ಕೊನೆಗೊಂದು ಮಾತು. ಮೆಜೆಸ್ಟಿಕ್‌ನ ಕಪಾಲಿ ಚಿತ್ರಮಂದಿರ 1968ರಲ್ಲಿ ಶುರುವಾಗಿ 2017ರಲ್ಲಿ ಬಾಗಿಲು ಹಾಕಿತು. ಅಂಥ ದೊಡ್ಡ ಟಾಕೀಸುಗಳು ಒಂದೊಂದಾಗಿ ಹೋದವು. ಅವು ಮುಚ್ಚಿದ್ದು ಫೋನಿನ ತಪ್ಪಲ್ಲ, ಆ ಕಾರಣಗಳೇ ಬೇರೆ. ಆದರೆ ಗುರುತು ಪರಿಚಯ ಇಲ್ಲದ ನೂರಾರು ಜನ ಕತ್ತಲಲ್ಲಿ ಕೂತು ಒಟ್ಟಿಗೆ ನಗುವ, ಒಟ್ಟಿಗೆ ಕಣ್ಣೊರೆಸಿಕೊಳ್ಳುವ ಜಾಗ ದಿನದಿನಕ್ಕೆ ಕಡಿಮೆಯಾಗುತ್ತಿದೆ. ಚಿತ್ರವನ್ನು ಮನೆಯಲ್ಲಿ ಮಲಗಿಕೊಂಡೂ ನೋಡಬಹುದು. ಪಕ್ಕದ ಅಪರಿಚಿತ ನಿಮ್ಮ ಜೊತೆ ಶಿಳ್ಳೆ ಹೊಡೆಯುವುದು ಅಲ್ಲಿ ಸಿಗುವುದಿಲ್ಲ.

ಎರಡೂವರೆ ಗಂಟೆ ನಿಮಗೆ ಬರುವ ಫೋನು ಕಾಯಲಿ ಬಿಡಿ, ಪ್ರಪಂಚವೇನೂ ಮುಳುಗುವುದಿಲ್ಲ. ಹೀರೋ ಬರುವ ಹೊತ್ತಾಯಿತು, ಎರಡೂ ಕೈ ಖಾಲಿ ಇಟ್ಟುಕೊಳ್ಳಿ. ಚಪ್ಪಾಳೆಗೆ ಬೇಕಲ್ಲ?

ಏನಂತೀರಿ? ಬರ್ಲಾ? ಮುಂದಿನ ವಾರ ಇದೇ ಪುಟದಲ್ಲಿ ಸಿಗೋಣ.