ರೋಗಿ ಯಾಕೆ ಬಸ್ ಹತ್ತಬೇಕು? ಸ್ಯಾಂಪಲ್ ಹತ್ತಲಿ

ಗೆಳೆಯನ ಅಪ್ಪನ ಬೆನ್ನ ಮೇಲೆ ಕಪ್ಪು-ನೇರಳೆ ಗಂಟೊಂದು ಎದ್ದಿತ್ತು. ನೋವಿಲ್ಲ, ತುರಿಕೆಯಿಲ್ಲ. 'ಎಲ್ಲೋ ತಾಗಿಸ್ಕೊಂಡಿರ್ಬೇಕು' ಅಂದ್ರು ಮನೆಯವರು. ಊರ ಹತ್ತಿರದ ಆಸ್ಪತ್ರೆಯಲ್ಲಿ ಮೂರು ತಿಂಗಳಲ್ಲಿ ಮೂರು ಮುಲಾಮು ಬರೆದುಕೊಟ್ಟರು. ನಾಲ್ಕನೇ ತಿಂಗಳು ಬೆಂಗಳೂರಲ್ಲಿ ಬಯಾಪ್ಸಿ ಆಯ್ತು. ಆಗ ಗೊತ್ತಾದ ಹೆಸರು ಬಿಪಿಡಿಸಿಎನ್: ಬ್ಲಾಸ್ಟಿಕ್ ಪ್ಲಾಸ್ಮಸೈಟಾಯ್ಡ್ ಡೆಂಡ್ರಿಟಿಕ್ ಸೆಲ್ ನಿಯೋಪ್ಲಾಸಂ.

ಇದು ಅಪರೂಪದ, ಬಲು ವೇಗದ ರಕ್ತದ ಕ್ಯಾನ್ಸರ್. ವಯಸ್ಸಾದ ಗಂಡಸರಲ್ಲಿ ಹೆಚ್ಚು. ಬಹುಪಾಲು ರೋಗಿಗಳಲ್ಲಿ ಮೊದಲ ಸುಳಿವು ಸಿಗೋದು ಚರ್ಮದಲ್ಲೇ: ಪೆಟ್ಟು ಬಿದ್ದಂಥ ಕಲೆ, ಇಲ್ಲವೇ ಗಂಟು. ನಮ್ಮ ಮೈಬಣ್ಣದ ಮೇಲೆ ಆ ನೇರಳೆ ಬರೀ ಕಪ್ಪಾಗಿ ಕಂಡು ಕಣ್ತಪ್ಪಬಹುದು. ರೋಗ ಅಸ್ಥಿಮಜ್ಜೆಗೆ ಇಳಿದರೆ ರಕ್ತಹೀನತೆ ಬರುತ್ತೆ, ಪ್ಲೇಟ್‌ಲೆಟ್ ಕುಸಿಯುತ್ತೆ. ದುಗ್ಧಗ್ರಂಥಿ, ಗುಲ್ಮ, ಯಕೃತ್ತು ಊದಿಕೊಳ್ಳಬಹುದು. ಮಿದುಳು-ಬೆನ್ನುಹುರಿಯ ದ್ರವಕ್ಕೂ ಹರಡಬಹುದು.

ಈ ಕಾಯಿಲೆಗೆಂದೇ ಬಂದ ಮೊದಲ ಔಷಧಿ ಟ್ಯಾಗ್ರಾಕ್ಸೋಫಸ್ಪ್‌ಗೆ ಅಮೆರಿಕದ ಎಫ್‌ಡಿಎ 2018ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ 2021ರಲ್ಲಿ ಬಂತು. ಅದರಡಿ ₹50 ಲಕ್ಷದವರೆಗೆ ನೆರವೂ ಇದೆ. ಆದರೆ ಅದರ ಪಟ್ಟಿಯಲ್ಲಿರೋದು ಮುಖ್ಯವಾಗಿ ಹುಟ್ಟಿನಿಂದ ಬರುವ ವಂಶವಾಹಿ ಕಾಯಿಲೆಗಳು. ಔಷಧಿ ಬೆಲೆ, ನೆರವಿನ ಪಟ್ಟಿ ಬಗ್ಗೆ ಜಗಳ ಆಡಲೇಬೇಕು, ಸರಿ. ಆದರೆ ಕಾಯಿಲೆಯ ಹೆಸರೇ ಗೊತ್ತಾಗದವರಿಗೆ ಯಾವ ಪಟ್ಟಿ ಇದ್ದೇನು?

ಹಾಗಾಗಿ ನನ್ನ ಒತ್ತಾಯ ಸಣ್ಣದು. ಚರ್ಮದ ಪಂಚ್ ಬಯಾಪ್ಸಿಗೆ ಸ್ಥಳೀಯ ಅರಿವಳಿಕೆ, ಕೆಲವು ನಿಮಿಷ, ಒಂದು ಫಾರ್ಮಲಿನ್ ಡಬ್ಬಿ ಸಾಕು. ರೋಗವನ್ನು ಗುರುತು ಹಚ್ಚುವ ಸಿಡಿ4, ಸಿಡಿ56, ಸಿಡಿ123 ಪರೀಕ್ಷೆಗಳಿಗೆ ದೊಡ್ಡ ಲ್ಯಾಬ್ ಬೇಕು, ನಿಜ. ಆದರೆ ಬೆಂಗಳೂರಿನ ಬಸ್ ಹತ್ತಬೇಕಾದ್ದು ಆ ಡಬ್ಬಿ. ಕೂಲಿ ಬಿಟ್ಟು ಬರುವ ರೋಗಿ ಅಲ್ಲ.

'ಲಕ್ಷಾಂತರ ಜನರಲ್ಲಿ ಒಬ್ಬರಿಗೆ ಬರೋ ಕಾಯಿಲೆಗೆ ಇಷ್ಟೆಲ್ಲ ಯಾಕೆ?' ಅಂತ ಕೇಳಬಹುದು. ಕುಷ್ಠ, ಚರ್ಮದ ಕ್ಷಯ, ಚರ್ಮದ ಲಿಂಫೋಮಾ ಪತ್ತೆಗೂ ಇದೇ ಬಯಾಪ್ಸಿ ನೆರವಾಗುತ್ತೆ. ಅಪರೂಪದ ಒಬ್ಬರಿಗಾಗಿ ಕಟ್ಟಿದ ವ್ಯವಸ್ಥೆ ನೂರಾರು ಜನರಿಗೆ ಸಿಗುತ್ತೆ.

ಗೆಳೆಯನ ಅಪ್ಪನಿಗೆ ಈಗ ಕೀಮೋ ನಡೀತಿದೆ. ಕಳೆದುಹೋದ ಮೂರು ತಿಂಗಳಿಗೆ ಅವನು ಯಾವ ಡಾಕ್ಟರನ್ನೂ ಬೈಯೋದಿಲ್ಲ. 'ಅವ್ರ ಹತ್ರ ಮುಲಾಮು ಬಿಟ್ರೆ ಬೇರೆ ಇನ್ನೇನಿತ್ತು?' ಅಂತಾನೆ. ಈ ಪ್ರಶ್ನೆಗೆ ಉತ್ತರ ಕೊಡಬೇಕಾದ್ದು ಆರೋಗ್ಯ ಇಲಾಖೆ. ನಿಮ್ಮ ಶಾಸಕರು ಮುಂದಿನ ಸಲ ಆಸ್ಪತ್ರೆ ಕಟ್ಟಡ ಉದ್ಘಾಟನೆಗೆ ಬಂದಾಗ ಕೇಳಿ: ಒಳಗೆ ಬಯಾಪ್ಸಿ ಮಾಡ್ತಾರಾ?