ತಣ್ಣನೆಯ ಕಡಲಿಗೆ ಇಳಿಯುವ ಮುನ್ನ

ಪರದೇಶದ ವಿದ್ಯಾಭ್ಯಾಸಕ್ಕೆಂದು ಹೊರಡುವ ತರುಣರಿಗಾಗಿ ಠಾಣೆಯ ಕೋಪರಿಯ ಕನ್ನಡ ಮನೆಗಳಲ್ಲಿ ನಡೆಯುವ ಸನ್ನಾಹದಲ್ಲಿ ಉಣ್ಣೆಯ ಕೋಟು, ಕಿವಿ ಮುಚ್ಚುವ ಟೋಪಿ, ಕೈಚೀಲ, ಕುಕ್ಕರು, ಚಟ್ನಿಪುಡಿಯ ಡಬ್ಬಿ ಇವಾವುದಕ್ಕೂ ಕೊರತೆಯಿರುವುದಿಲ್ಲ. ಗಾಳಿಯ ಶೀತವನ್ನು ಕುರಿತು ನಮ್ಮ ತಾಯಂದಿರಿಗಿರುವ ಭಯ ಅಷ್ಟು ಜಾಗ್ರತವಾದದ್ದು. ಆದರೆ ನೀರಿನ ಶೀತವೆಂಬುದು ಬೇರೊಂದುಂಟು, ಅದು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ದೇಹದ ಶಾಖವನ್ನು ಅಪಹರಿಸುತ್ತದೆ, ಅದರೆದುರು ಆ ಕೋಟಿನಿಂದ ಯಾವ ಪ್ರಯೋಜನವೂ ಇಲ್ಲ ಎಂಬ ವಿಚಾರ ಮಾತ್ರ ಆ ಗಡಿಬಿಡಿಯಲ್ಲಿ ಯಾರ ಗಮನಕ್ಕೂ ಬಂದಂತೆ ಕಾಣದು.

ಕೋಪರಿಗೂ ಕಡಲಾಟಕ್ಕೂ ಏನು ನಂಟು ಎಂದು ಓದುಗರು ಕೇಳಬಹುದು. ನಮ್ಮ ಪಾಲಿಗೆ ಒದಗಿರುವ ಠಾಣೆಯ ಖಾಡಿ ಕೆಸರಿಗೂ ಕಾಂಡ್ಲಾವನಕ್ಕೂ ರಾಜಹಂಸಗಳಿಗೂ ಪ್ರಸಿದ್ಧವೇ ಹೊರತು ಅಲೆಗಳಿಗಲ್ಲ. ಆದರೆ ಇಲ್ಲಿಯ ಕರಾವಳಿ ಮೂಲದ ಮನೆಗಳ ಮಕ್ಕಳು ಮೇ ತಿಂಗಳ ರಜೆಯಲ್ಲಿ ಠಾಣೆಯಲ್ಲಿ ಮತ್ಸ್ಯಗಂಧಾ ಗಾಡಿಯನ್ನು ಹತ್ತಿ ಊರಿಗೆ ಹೋಗತಕ್ಕವರು. ಆ ಊರ ಕಡೆಯಲ್ಲಿ, ಜ್ಯಾಕ್ ಹೆಬ್ನರ್ ಎಂಬ ಅಮೆರಿಕದ ಸಂನ್ಯಾಸಿ ಮೂಲ್ಕಿಯಲ್ಲಿ ನೆಲೆಸಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ಬನ್ನು ಸ್ಥಾಪಿಸಿದಂದಿನಿಂದ, ಅದರ ನೆರೆಯ ಸಸಿಹಿತ್ಲು ಕಡಲತೀರದಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸ್ಪರ್ಧೆಯೇ ಜರುಗುವ ಮಟ್ಟಿಗೆ, ಸರ್ಫಿಂಗ್ ಎಂಬ ಅಲೆಯ ಸವಾರಿ ಬೇರೂರಿದೆ. ರಜೆ ಮುಗಿಸಿ ಬರುವ ಹುಡುಗನೊಬ್ಬನು ಹಲಗೆಯ ಮೇಲೆ ಎದ್ದು ನಿಲ್ಲಲು ಕಲಿತು ಬಂದನೆಂದರೆ ಅದೀಗ ಆಶ್ಚರ್ಯದ ಸಂಗತಿಯಲ್ಲ. ಅದೇ ಹುಡುಗನು ಮುಂದೆ ಐರ್ಲೆಂಡಿಗೋ ಕಾರ್ನ್‌ವಾಲಿಗೋ ಕ್ಯಾಲಿಫೋರ್ನಿಯಕ್ಕೋ ಹೋಗಿ, ಭಾನುವಾರದ ಬಿಸಿಲು ಕಂಡು ಉಲ್ಲಸಿತನಾಗಿ ಕಡಲಿಗೆ ಹೊರಟನೆಂದರೆ, ನಾನು ಹೇಳಬೇಕೆಂದಿರುವ ಅಪಾಯ ಅಲ್ಲಿ ಆರಂಭವಾಗುತ್ತದೆ.

ಮೂಲ್ಕಿಯ ಕಡಲು ವರ್ಷದ ಬಹುಭಾಗ 27ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿರುವುದರಿಂದ ಅಲ್ಲಿ ಉಡುಪೆಂದರೆ ಬಿಸಿಲಿನಿಂದಲೂ ಹಲಗೆಯ ಉಜ್ಜುವಿಕೆಯಿಂದಲೂ ಚರ್ಮವನ್ನು ಕಾಯುವ ತೆಳ್ಳನೆಯ ಅಂಗಿ, ಅಷ್ಟೆ. ಐರ್ಲೆಂಡಿನ ಪಶ್ಚಿಮ ತೀರದಲ್ಲಾದರೋ ಚಳಿಗಾಲದ ಕೊನೆಗೆ ನೀರು ಸುಮಾರು 9–10 ಡಿಗ್ರಿಗೆ ಇಳಿದಿರುತ್ತದೆ. ಅದಕ್ಕಿಂತ ಹೆಚ್ಚು ಮೋಸದ ಕಾಲ ಮೇ ತಿಂಗಳು: ನೆಲ ಬೇಗ ಕಾಯುತ್ತದೆ, ಸಮುದ್ರ ತಡವಾಗಿ ಕಾಯುತ್ತದೆ; ಆದುದರಿಂದ ದಡದಲ್ಲಿ ಜನ ಅಂಗಿ ಕಳಚಿ ಐಸ್‌ಕ್ರೀಮು ತಿನ್ನುತ್ತಿರುವಾಗಲೂ ನೀರು ಇನ್ನೂ ಚಳಿಗಾಲದಲ್ಲಿಯೇ ಇರುತ್ತದೆ. ಉಡುಪನ್ನು ಆಯತಕ್ಕದ್ದು ಆಕಾಶವನ್ನು ನೋಡಿ ಅಲ್ಲ, ನೀರಿನ ಉಷ್ಣತೆಯನ್ನು ವಿಚಾರಿಸಿ.

15 ಡಿಗ್ರಿಗಿಂತ ಕೆಳಗಿನ ನೀರಿಗೆ ದೇಹ ಹಠಾತ್ತನೆ ಬಿದ್ದಾಗ ಮೊದಲು ಆಗುವುದು ಮರಗಟ್ಟುವಿಕೆಯಲ್ಲ, ಉಸಿರಿನ ದಂಗೆ. ಇಚ್ಛೆಯನ್ನು ಕೇಳದೆ ಎದೆ ಒಮ್ಮೆಗೇ ಉಸಿರನ್ನು ಸೆಳೆದುಕೊಳ್ಳುತ್ತದೆ. ಆ ಕ್ಷಣದಲ್ಲಿ ಬಾಯಿ ನೀರಿನೊಳಗಿದ್ದರೆ ಎಂಥ ಈಜುಗಾರನ ವಿದ್ಯೆಯೂ ಅವನನ್ನು ಕಾಯಲಾರದು. ಏದುಸಿರು ಹತ್ತುತ್ತದೆ, ರಕ್ತದೊತ್ತಡ ಏರುತ್ತದೆ, ಹೃದಯದ ಬಡಿತ ಹೆಚ್ಚುತ್ತದೆ. ಕೆನಡದ ಮನಿಟೋಬ ವಿಶ್ವವಿದ್ಯಾಲಯದ ಗೋರ್ಡನ್ ಗೀಸ್‌ಬ್ರೆಕ್ಟ್ ಅವರು ಇದನ್ನು ಒಂದು, ಹತ್ತು, ಒಂದು ಎಂಬ ಸೂತ್ರಕ್ಕೆ ಇಳಿಸಿದ್ದಾರೆ: ಹಿಮದಂಥ ನೀರಿನಲ್ಲಿ ಉಸಿರನ್ನು ಹತೋಟಿಗೆ ತಂದುಕೊಳ್ಳಲು 1 ನಿಮಿಷ, ಕೈಕಾಲು ಮಾತು ಕೇಳುವುದು ಸುಮಾರು 10 ನಿಮಿಷ, ಶೀತದಿಂದ ಎಚ್ಚರ ತಪ್ಪುವ ಮುನ್ನ ಸುಮಾರು 1 ಗಂಟೆ. 1824ರಿಂದ ಬ್ರಿಟನ್ ಮತ್ತು ಐರ್ಲೆಂಡಿನ ತೀರಗಳಲ್ಲಿ ಜೀವರಕ್ಷಣೆ ಮಾಡುತ್ತ ಬಂದಿರುವ ಆರ್.ಎನ್.ಎಲ್.ಐ. ಸಂಸ್ಥೆ ಬೋಧಿಸುವುದೂ ಇದಕ್ಕೆ ಅನುಗುಣವಾಗಿದೆ. ಬಿದ್ದೊಡನೆ ಈಜಲು ಹೋಗಬೇಡಿ. ಕಿವಿಗಳು ನೀರಿನಲ್ಲಿ ಮುಳುಗುವಂತೆ ತಲೆಯನ್ನು ಹಿಂದಕ್ಕೆ ಒರಗಿಸಿ, ಅಂಗಾತ ತೇಲಿ, ಉಸಿರು ಸ್ವಸ್ಥಾನಕ್ಕೆ ಬರುವವರೆಗೆ ಸುಮ್ಮನಿರಿ. ‘ಅಭ್ಯಾಸವಾದರೆ ಎಲ್ಲವೂ ಸರಿಹೋಗುತ್ತದೆ’ ಎಂಬ ನಮ್ಮ ಹಿರಿಯರ ಸಮಾಧಾನ ಇಲ್ಲಿ ಅರ್ಧ ಮಾತ್ರ ಸತ್ಯ: ಅಭ್ಯಾಸ ಮೊದಲ ಆಘಾತವನ್ನು ತಗ್ಗಿಸೀತು, ಶಾಖದ ಸೋರಿಕೆಯನ್ನು ನಿಲ್ಲಿಸಲಾರದು.

ಆ ಸೋರಿಕೆಯನ್ನು ತಡೆಯುವ ವೆಟ್‌ಸೂಟ್ ಎಂಬ ಉಡುಪಿನ ತತ್ತ್ವವನ್ನು 1952ರಲ್ಲಿ ಕಂಡುಕೊಂಡವರು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್. ಮೈ ಒಣಗಿರಬೇಕೆಂಬ ಹಠವನ್ನೇ ಅವರು ಬಿಟ್ಟುಕೊಟ್ಟರು. ನಿಯೋಪ್ರೀನ್ ಎಂಬ ರಬ್ಬರಿನ ನೊರೆಯಲ್ಲಿ ಸಿಕ್ಕಿಬಿದ್ದ ಅನಿಲದ ಗುಳ್ಳೆಗಳು ಶಾಖವನ್ನು ತಡೆಹಿಡಿಯುವುದರಿಂದ, ಒಳಗೆ ತೆಳುವಾಗಿ ಸೇರಿದ ನೀರು ಮೈಯ ಬಿಸಿಗೆ ಕಾದು ನಿಂತರೆ ಬಾಧಕವಿಲ್ಲವೆಂದು ತಿಳಿದರು. ಉಡುಪು ಸಡಿಲವಾಗಿದ್ದರೆ ಪ್ರತಿ ಅಲೆಯೂ ಆ ಬೆಚ್ಚನೆಯ ನೀರನ್ನು ತೊಳೆದೊಯ್ದು ಹೊಸ ತಣ್ಣೀರನ್ನು ತುಂಬುವುದರಿಂದ, ‘ಬೆಳೆಯುವ ಹುಡುಗ, ಒಂದು ಅಳತೆ ದೊಡ್ಡದೇ ಇರಲಿ’ ಎಂಬ ನಮ್ಮ ಶಾಲಾ ಸಮವಸ್ತ್ರದ ಅರ್ಥಶಾಸ್ತ್ರ ಇಲ್ಲಿ ನೇರವಾಗಿ ಹಾನಿಕರ. ಕುತ್ತಿಗೆಯಲ್ಲಿ, ಕಂಕುಳಲ್ಲಿ, ಸೊಂಟದ ಹಿಂಭಾಗದಲ್ಲಿ ಎಲ್ಲಿಯೂ ಜೋಲು ಬೀಳದೆ, ಆದರೂ ತೋಳು ಮೇಲೆತ್ತಿದಾಗ ಉಸಿರು ಕಟ್ಟದಂತೆ ಅಂಟಿ ನಿಲ್ಲಬೇಕು. 4/3 ಎಂದು ಬರೆದಿದ್ದರೆ ಮುಂಡಕ್ಕೆ 4 ಮಿಲಿಮೀಟರ್, ಕೈಕಾಲಿಗೆ 3 ಎಂದರ್ಥ. ಸ್ಥೂಲವಾಗಿ ಹೇಳುವುದಾದರೆ 15 ಡಿಗ್ರಿಯ ಮೇಲೆ 3/2, ಅದಕ್ಕೆ ಕೆಳಗೆ 4/3, 10 ಡಿಗ್ರಿಯ ಆಸುಪಾಸಿನಲ್ಲಿ 5/4 ಮತ್ತು ಅದರೊಡನೆ ತಲೆಗವಸು, ಕೈಗವಸು, ಪಾದರಕ್ಷೆ. ಹೊಲಿಗೆಯೂ ಮುಖ್ಯ, ಚಪ್ಪಟೆ ಹೊಲಿಗೆಯ ರಂಧ್ರಗಳಲ್ಲಿ ನೀರು ನುಗ್ಗುವುದರಿಂದ ಶೀತಪ್ರದೇಶಕ್ಕೆ ಅಂಟಿಸಿ ಹೊಲಿದದ್ದೇ ಬೇಕು. ಇಷ್ಟೊಂದು ವೆಚ್ಚ ವಿದ್ಯಾರ್ಥಿಗೆ ಭಾರವಲ್ಲವೆ ಎಂದರೆ, ಹಲಗೆಯನ್ನು ಕೊಳ್ಳಲೇಬೇಡ, ಉಡುಪನ್ನು ಮೊದಲು ಬಾಡಿಗೆಗೆ ತೆಗೆದುಕೋ ಎಂಬುದೇ ನನ್ನ ಉತ್ತರ. ಒಳಗೆ ಹತ್ತಿಯ ಬನಿಯನ್ನು ತೊಟ್ಟು ಬೆಚ್ಚಗಾಗುವೆನೆಂಬ ಉಪಾಯ ಬೇಡ. ಒದ್ದೆ ಹತ್ತಿ ಯಾರನ್ನೂ ಬೆಚ್ಚಗಿಟ್ಟದ್ದಿಲ್ಲ.

ಹಲಗೆಯನ್ನು ಕಾಲಿಗೆ ಕಟ್ಟುವ ಲೀಶ್ ಎಂಬ ಹುರಿಯ ವಿಷಯದಲ್ಲಿ ಒಂದು ವಿಪರ್ಯಾಸವುಂಟು. ವೆಟ್‌ಸೂಟನ್ನು ಜನಪ್ರಿಯಗೊಳಿಸಿದ ಜ್ಯಾಕ್ ಓ’ನೀಲ್ 1971ರಲ್ಲಿ ಒಂದು ಕಣ್ಣನ್ನು ಕಳೆದುಕೊಂಡದ್ದು ಅಂದಿನ ರಬ್ಬರಿನಂತೆ ಎಳೆಯುವ ಹುರಿ ಹಲಗೆಯನ್ನು ಮುಖದತ್ತ ಮರಳಿ ಚಿಮ್ಮಿಸಿದ್ದರಿಂದ. ಹುರಿಯ ಗುಣ ಈಗ ಸುಧಾರಿಸಿದೆಯಾದರೂ, ಬಿದ್ದು ಮೇಲೇಳುವಾಗ ಕೈಗಳಿಂದ ತಲೆಯನ್ನು ಮರೆಮಾಡಿಕೊಂಡೇ ಏಳತಕ್ಕದ್ದು. ಹಲಗೆಯನ್ನು ಬಿಟ್ಟು ದಡಕ್ಕೆ ಈಜಬಾರದು, ತೇಲಿಸುವುದು ಅದೇ, ಒಬ್ಬಂಟಿಯಾಗಿ ಇಳಿಯಲೇಬಾರದು, ಹಿಂಸರಿತದ ಸೆಳೆತಕ್ಕೆ ಸಿಕ್ಕರೆ ಅದಕ್ಕೆ ಎದುರಾಗಿ ಹೋರಾಡದೆ ದಡಕ್ಕೆ ಸಮಾನಾಂತರವಾಗಿ ಸರಿಯಬೇಕು. ನಡುಕ ಬಂದಾಗ, ಬೆರಳು ಹೇಳಿದಂತೆ ಮಡಚದಾದಾಗ ಹೊರಬರುವುದು. ಹೊರಬಂದವನಿಗೆ ಮದ್ಯವನ್ನು ಕುಡಿಸುವುದು, ಕೈಕಾಲುಗಳನ್ನು ಉಜ್ಜುವುದು ಎರಡೂ ಕೆಟ್ಟದ್ದೇ. ಒದ್ದೆ ಉಡುಪನ್ನು ತೆಗೆದು, ಒರಸಿ, ಹೊದಿಸಿ, ಎಚ್ಚರವಾಗಿದ್ದರೆ ಸಿಹಿಯಾದ ಬಿಸಿ ಪಾನೀಯವನ್ನು ಕೊಡಬೇಕು.

ಇಷ್ಟೆಲ್ಲ ತೊಡಕಿದ್ದರೆ ಹೋಗುವುದೇ ಬೇಡವೆಂದು ನಿಷೇಧಿಸಬಹುದಲ್ಲ ಎನ್ನುವ ತಂದೆಯರಿದ್ದಾರೆ. ಇಪ್ಪತ್ತೆರಡರ ಹರೆಯದವನು ಸಾವಿರಾರು ಮೈಲಿ ಆಚೆ ಆ ನಿಷೇಧವನ್ನು ಪಾಲಿಸುವನೆಂಬ ನಂಬಿಕೆ ನನಗಿಲ್ಲ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ಸಂಘಗಳು ಪರದೇಶಕ್ಕೆ ಹೊರಟ ವಿದ್ಯಾರ್ಥಿಗಳಿಗೆ ಶಾಲು ಹೊದಿಸಿ ಕಳುಹಿಸಿಕೊಡುವ ಸಮಾರಂಭಕ್ಕೆ ಮೊದಲು, ಒಂದು ಬೆಳಗ್ಗೆ ಅವರನ್ನು ನಗರದ ಈಜುಕೊಳಕ್ಕೆ ಕರೆದೊಯ್ದು, ಉಟ್ಟ ಬಟ್ಟೆಯಲ್ಲೇ ಅಂಗಾತ ತೇಲುವುದನ್ನು ಅಭ್ಯಾಸ ಮಾಡಿಸಿ, ಅಲ್ಲಿಂದ ಮರಳಿ ಬಂದಿರುವ ಹಿರಿಯ ವಿದ್ಯಾರ್ಥಿಯೊಬ್ಬನ ವೆಟ್‌ಸೂಟನ್ನು ಕೈಯಿಂದ ಮುಟ್ಟಿ ನೋಡಲು ಕೊಡಲಿ. ಅದಕ್ಕೆ ಸಮಯ ಸಾಲದಾದರೆ ಸಮಾರಂಭದ ಭಾಷಣಗಳಲ್ಲಿ ಒಂದನ್ನು ಕಡಮೆ ಮಾಡಬಹುದು. ಸಭಿಕರಲ್ಲಿ ಯಾರೂ ಆಕ್ಷೇಪಿಸಲಾರರು.