ಕಿವಿಯೊಳಗಿನ ದನಿ ಯಾರದು?

ನಮ್ಮ ಚಿಕ್ಕಯ್ಯ ಆಸ್ಪತ್ರೆಯ ಬಾಗಿಲಲ್ಲಿ ಎಕ್ಕಡ ಕಳಚಿ ಕೈಲಿ ಹಿಡಿದುಕೊಂಡ. ಹೊರಗೆ ಬಿಟ್ಟು ಬಾ ಅಂದರೆ ಬಿಡಲಿಲ್ಲ, ಮೆಟ್ಟಿಕೊಂಡು ಬಾ ಅಂದರೆ ಮೆಟ್ಟಲಿಲ್ಲ. ಎರಡೂ ಎಕ್ಕಡ ಎದೆಗವಚಿಕೊಂಡು ಡಾಕ್ಟರ ಮುಂದೆ ಬಗ್ಗಿ ನಿಂತ. ಅವರು ಒಂದು ಗಳಿಗೆ ನೋಡಿದರು, ಫೈಲಿನಲ್ಲಿ ಗೀಚಿದರು. ನಮ್ಮ ವಂಶದಲ್ಲಿ ಇಂಗ್ಲಿಷು ಓದಬಲ್ಲ ಮೊದಲನೆಯವನು ನಾನು. ಬಗ್ಗಿ ಓದಿದೆ. ವಿಚಿತ್ರ ವರ್ತನೆ ಅಂತಿತ್ತು. ಅದರ ಕೆಳಗೆ, ಆರು ತಿಂಗಳಿಂದ ಕಿವಿಯಲ್ಲಿ ದನಿ ಕೇಳುತ್ತದೆ ಅಂತ. ಕೊನೆಗೆ ಸ್ಕಿಜೋಫ್ರೀನಿಯಾ.

ದನಿ ಏನು ಹೇಳುತ್ತೆ ಅಂತ ಡಾಕ್ಟರು ಕೇಳಲೇ ಇಲ್ಲ. ಹೊರಗೆ ಮರದ ನೆಳಲಲ್ಲಿ ಕೂತು ನಾನು ಕೇಳಿದೆ.

"ಎಕ್ಕಡ ಕೈಗ್ ತಕ್ಕಳ್ಲಾ ಅಂತದೆ ಕಣಪ್ಪ."

"ಯಾರ ದನಿ?"

"ಇನ್ಯಾರ್ದು? ದೊಡ್ಮನೆ ಯಜಮಾನ್ರುದು."

ಆ ಯಜಮಾನರು ಸತ್ತು ಹನ್ನೆರಡು ವರ್ಷವಾಯಿತು. ಚಿಕ್ಕಯ್ಯ ಹುಡುಗನಾಗಿದ್ದಾಗ ಅವರ ಬೀದಿಯಲ್ಲಿ ಎಕ್ಕಡ ಮೆಟ್ಟಿ ನಡೆದಿದ್ದಕ್ಕೆ ಕಂಬಕ್ಕೆ ಕಟ್ಟಿಸಿಕೊಂಡವನು. ಈಗ ಹೇಳಿ ಸ್ವಾಮಿ, ವಿಚಿತ್ರ ವರ್ತನೆ ಯಾರದು?

ಗೆಳೆಯರೆ, ನಾನು ಗುಳಿಗೆಯ ವೈರಿಯಲ್ಲ. ಗುಳಿಗೆ ನುಂಗಿದ ಮೇಲೆ ತಿಂಗಳುಗಟ್ಟಲೆ ನಿದ್ದೆ ಕಾಣದವನು ಮಲಗಿದ. ಚಿಕ್ಕವ್ವನೂ ಮಲಗಿದಳು. ಇದನ್ನೋದಿ ಯಾರಾದರೂ ಯಾರಿಗಾದರೂ ಗುಳಿಗೆ ಬಿಡಿಸಿದರೆ ಅವರು ನನ್ನ ಮಾತಿಗೂ ಆ ಮನೆಗೂ ದ್ರೋಹ ಮಾಡಿದಂತೆ. ನನ್ನ ಜಗಳ ಬೇರೆ. ಕಾಯಿಲೆಗೆ ಹೆಸರು ಸಿಕ್ಕ ಕೂಡಲೇ ಮನುಷ್ಯನ ಕತೆ ಮುಚ್ಚಿಬಿಡುತ್ತಾರಲ್ಲ, ಅದರ ಮೇಲೆ. ಹೆಸರಾದರೂ ಎಂಥದು! 1908ರಲ್ಲಿ ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್ ಇಟ್ಟದ್ದು. ಕನ್ನಡದ ಪುಸ್ತಕಗಳು ಅದನ್ನು ಇಚ್ಚಿತ್ತ ವಿಕಲತೆ ಅನ್ನುತ್ತವೆ. ನಮ್ಮ ಕೇರಿಯಲ್ಲಿ ಯಾರ ನಾಲಿಗೆಗೂ ಹೊರಳದ ಮಾತು.

ಆಸ್ಪತ್ರೆಗೆ ಮೊದಲು ಮಂತ್ರವಾದಿ ಬಂದಿದ್ದ. ಅವನು ದನಿ ಯಾರದು ಅಂತ ಕೇಳಿದ, ನಿಜ. ಆದರೆ ಉತ್ತರ ಮನೆಯಿಂದಲೇ ತಂದಿದ್ದ. ಸುಡುಗಾಡಿನ ಗಾಳಿಯಂತೆ. ಬೇವಿನ ಬರಲಲ್ಲಿ ಬಾರಿಸಿ, ತಾಯ್ತ ಕಟ್ಟಿ, ಎರಡು ಕೋಳಿ, ಮೂರು ಸಾವಿರ ರೂಪಾಯಿ ತಗೊಂಡು ಹೋದ. ಡಾಕ್ಟರನ್ನು ಬೈಯುವ ಭರದಲ್ಲಿ 'ನಮ್ಮ ದೇಸಿ ಪದ್ಧತಿ' ಅಂತ ಇಂಥವರ ಕಾಲಿಗೆ ಬೀಳುವ ವಿದ್ವಾಂಸರಿದ್ದಾರೆ. ಅವರಿಗೆ ಏರ್ವಾಡಿ ನೆನಪಿರಲಿ. 2001ರ ಆಗಸ್ಟ್ 6, ತಮಿಳುನಾಡಿನ ರಾಮನಾಥಪುರ ಜಿಲ್ಲೆ. ದರ್ಗಾದ ಊರಿನ ಗುಡಿಸಲೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾಗಲಿಲ್ಲ. 28 ಮಂದಿ ಸತ್ತರು. ಸರಪಳಿ ಹಾಕಬಾರದು ಅಂತ ಕಾನೂನು ಬಾಯಿಬಿಟ್ಟು ಹೇಳಲು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಬರಬೇಕಾಯಿತು.

ಹುಚ್ಚು ಯಾರಿಗೆ ಅಂತ ತೀರ್ಮಾನಿಸುವವರು ಯಾರು? 1972ರಲ್ಲಿ ಮುಂಬಯಿಯ ದಲಿತ ಹುಡುಗರು ಪ್ಯಾಂಥರ್ ಅನ್ನೋ ಹೆಸರನ್ನು ಅಮೆರಿಕದ ಕಪ್ಪು ಜನರಿಂದ ತಂದರು. ಅದರ ಜೊತೆಗೆ ಆ ಜನಕ್ಕೆ ಹುಚ್ಚಿನ ಪಟ್ಟ ಕಟ್ಟಿದ ಚರಿತ್ರೆಯನ್ನೂ ನಾವು ತಂದುಕೊಳ್ಳಬೇಕಿತ್ತು. 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ ಹೊಸ ರೋಗವೊಂದನ್ನು ಕಂಡುಹಿಡಿದ. ಹೆಸರು ಡ್ರಾಪೆಟೋಮೇನಿಯಾ. ಲಕ್ಷಣ ಏನು ಗೊತ್ತೆ? ಗುಲಾಮ ಧಣಿಯ ಮನೆ ಬಿಟ್ಟು ಓಡಿಹೋಗುವುದು! ಮದ್ದು, ಚಾಟಿ. ಮನುಷ್ಯರನ್ನು ಕೊಂಡು ಮಾರುತ್ತಿದ್ದ ಧಣಿಗೆ ಯಾವ ರೋಗವೂ ಇರಲಿಲ್ಲ.

ಹಳೇ ಕಾಲದ ಅಜ್ಞಾನ ಅಂತೀರಾ? 1968ಕ್ಕೆ ಬನ್ನಿ. ಕಪ್ಪು ಜನ ಬೀದಿಗಿಳಿದು ಮುಷ್ಟಿ ಎತ್ತಿದ್ದ ಕಾಲ. ಬ್ರಾಂಬರ್ಗ್, ಸೈಮನ್ ಎಂಬಿಬ್ಬರು ಮನೋವೈದ್ಯರು ಪ್ರತಿಷ್ಠಿತ ವೈದ್ಯಪತ್ರಿಕೆಯಲ್ಲಿ 'ಪ್ರತಿಭಟನೆಯ ಸೈಕೋಸಿಸ್' ಅಂತಲೇ ಬರೆದರು. ಅದೇ ವರ್ಷ ಹೊಸದಾಗಿ ಬಂದ ಅಮೆರಿಕದ ರೋಗನಿರ್ಣಯದ ಕೈಪಿಡಿ, ಸಂಶಯದ ಸ್ಕಿಜೋಫ್ರೀನಿಯಾ ಇರುವವನ ವಿವರಣೆಯಲ್ಲಿ ಹಗೆತನ, ಆಕ್ರಮಣ ಎಂಬ ಮಾತು ಬಳಸಿತು. 1974ರಲ್ಲಿ ಹಾಲ್ಡಾಲ್ ಎಂಬ ಔಷಧದ ಜಾಹೀರಾತು ಬಂತು. ಚಿತ್ರದಲ್ಲಿ ಮುಷ್ಟಿ ಬಿಗಿದ ಒಬ್ಬ ಕಪ್ಪು ಗಂಡಸು. ಅದನ್ನು ನೋಡಿದ ಡಾಕ್ಟರಿಗೆ ಬೇರೆ ಪಾಠ ಬೇಕಾಗಿರಲಿಲ್ಲ.

ಮಿಷಿಗನ್ ರಾಜ್ಯದಲ್ಲಿ ಅಯೋನಿಯಾ ಎಂಬ ಹುಚ್ಚಾಸ್ಪತ್ರೆಯಿತ್ತು. ಜೊನಾಥನ್ ಮೆಟ್ಜಲ್ ಎಂಬ ಮನೋವೈದ್ಯ ಅಲ್ಲಿನ ಹಳೇ ಕಡತ ಕೆದಕಿ 2010ರಲ್ಲಿ ಪುಸ್ತಕ ತಂದ. ಮೊದಮೊದಲು ಅಲ್ಲಿ ಸ್ಕಿಜೋಫ್ರೀನಿಯಾ ಅಂದರೆ ಬಹುಪಾಲು ಬಿಳಿಯರ ಮನೆಯ ಹೆಂಗಸರ ಕಾಯಿಲೆ. ಅರವತ್ತರ ದಶಕ ಮುಗಿಯುವಷ್ಟರಲ್ಲಿ ಅದು ಡೆಟ್ರಾಯಿಟ್ ನಗರದಿಂದ ಹಿಡಿದು ತಂದ ಕಪ್ಪು ಗಂಡಸರ ಕಾಯಿಲೆಯಾಗಿತ್ತು. ಒಳಗಿದ್ದವರಿಗೆಲ್ಲ ಸಂಕಟವೇ ಇರಲಿಲ್ಲ ಅಂತಲ್ಲ. ಸಂಕಟ ಇತ್ತು. ಆದರೆ ಸಿಟ್ಟು ಯಾವುದು, ರೋಗ ಯಾವುದು ಅಂತ ಗೆರೆ ಎಳೆಯುವ ಪೆನ್ನು ಯಾರ ಕೈಲಿತ್ತು? ಎಪ್ಪತ್ತರ ದಶಕದಲ್ಲಿ ಆ ಆಸ್ಪತ್ರೆ ಮುಚ್ಚಿತು. ಆಮೇಲೆ ಅದೇ ಜಾಗ ಜೈಲಾಯಿತು. ಹೆಚ್ಚೇನೂ ಬದಲಾಯಿಸಬೇಕಾಗಿ ಬಂದಿರಲಾರದು.

ರಕ್ತದಲ್ಲೇ ಇದೆ, ವಂಶದಲ್ಲೇ ಇದೆ ಅನ್ನುವವರಿಗೆ ಇಂಗ್ಲೆಂಡಿನ ಲೆಕ್ಕ ಒಂದಿದೆ. ಲಂಡನ್, ನಾಟಿಂಗ್‌ಹ್ಯಾಮ್, ಬ್ರಿಸ್ಟಲ್‌ಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೆರಿಬಿಯನ್ ಮೂಲದ ಕಪ್ಪು ಜನರಲ್ಲಿ ಸ್ಕಿಜೋಫ್ರೀನಿಯಾ ಬಿಳಿಯರಿಗಿಂತ ಸುಮಾರು 9 ಪಟ್ಟು ಕಂಡಿತು. ಅವರ ಮೂಲದ ದ್ವೀಪಗಳಲ್ಲಿ, ಜಮೈಕಾ, ಬಾರ್ಬಡೋಸ್‌ಗಳಲ್ಲಿ, ಅಷ್ಟು ಕಂಡಿರಲಿಲ್ಲ. ಅದೇ ರಕ್ತ, ಬೇರೆ ಬೀದಿ. ಜಾತಿಯೊಂದೇ ಚಿಕ್ಕಯ್ಯನ ಕಿವಿಗೆ ದನಿ ತಂತು ಅಂತ ನಾನು ಹೇಳಲಾರೆ. ಎಕ್ಕಡ ಕೈಲಿ ಹಿಡಿದು ನಡೆದವರು ಕೇರಿಯಲ್ಲಿ ನೂರು ಜನ, ದನಿ ಕೇಳಿದ್ದು ಒಬ್ಬನಿಗೆ. ಆದರೆ ಆ ಒಬ್ಬನಿಗೆ ಕೇಳಿದ ಮಾತು ಮೆದುಳಿನ ರಸದಿಂದ ಹುಟ್ಟಿದ್ದಲ್ಲ, ನಮ್ಮೂರ ಬೀದಿಯಿಂದ ಹೋದದ್ದು.

ಕೇಳಿಸಿಕೊಂಡ ಡಾಕ್ಟರೂ ಇದ್ದಾರೆ. ಹಾಲೆಂಡಿನ ಮಾರಿಯಸ್ ರೋಮೆ. ಪ್ಯಾಟ್ಸಿ ಹಾಗೆ ಎಂಬ ಹೆಂಗಸು ಅವರ ಬಳಿ ಬರುತ್ತಿದ್ದಳು. ಕಾಣದ ದೇವರನ್ನು ನೀವು ನಂಬ್ತೀರಿ, ನನಗೆ ನಿಜವಾಗಿ ಕೇಳೋ ದನಿಯನ್ನು ಯಾಕೆ ನಂಬಲ್ಲ ಅಂತ ಅವರನ್ನೇ ದಬಾಯಿಸಿದಳು. ಇಬ್ಬರೂ 1987ರಲ್ಲಿ ಟೆಲಿವಿಷನ್ನಿನಲ್ಲಿ ಕೂತು, ದನಿ ಕೇಳುವವರು ಮಾತಾಡಿ ಅಂದರು. ನೂರಾರು ಮಂದಿ ಫೋನು ಮಾಡಿದರು. ಅವರಲ್ಲಿ ಎಷ್ಟೋ ಜನ ದನಿಯೊಂದಿಗೇ ಬಾಳುತ್ತಾ ದುಡಿದು ತಿನ್ನುತ್ತಿದ್ದವರು. ದನಿ ಕೇಳುವವರೇ ಗುಂಪು ಕಟ್ಟಿಕೊಂಡು, ಯಾವಾಗ ಶುರುವಾಯ್ತು, ಅದಕ್ಕೆ ಮೊದಲು ಏನು ನಡೀತು, ಯಾರ ಹಾಗೆ ಕೇಳುತ್ತೆ ಅಂತ ಒಬ್ಬರನ್ನೊಬ್ಬರು ಕೇಳುವ ಚಳವಳಿ ಅಲ್ಲಿಂದ ಹಲವು ದೇಶಗಳಿಗೆ ಹಬ್ಬಿತು.

ನಮ್ಮ ಪಕ್ಕದ ಚೆನ್ನೈನಲ್ಲೂ ಒಬ್ಬರು ಕೇಳಿದರು. ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯ, ಘಾನಾದ ಅಕ್ರಾ, ಚೆನ್ನೈ, ಮೂರೂ ಕಡೆ 20-20 ಜನರನ್ನು ಮಾತಾಡಿಸಿ 2015ರಲ್ಲಿ ಪ್ರಕಟಿಸಿದರು. ಅಮೆರಿಕದವರಿಗೆ ಹೆಚ್ಚಾಗಿ ಹಿಂಸೆಯ ದನಿ. ಚೆನ್ನೈನಲ್ಲಿ ಬಹಳ ಜನಕ್ಕೆ ನೆಂಟರ ದನಿ. ಮನೆಗೆಲಸ ಮಾಡು ಅಂತ ಗದರುವುದು, ಬುದ್ಧಿ ಹೇಳುವುದು. ನೋಡಿ, ನಮ್ಮ ಸಂಸ್ಕೃತಿ! ಅಂತ ಎದೆ ಉಬ್ಬಿಸುವವರು ಸ್ವಲ್ಪ ತಡೆಯಿರಿ. ನಮ್ಮ ಚಿಕ್ಕಯ್ಯನಿಗೆ ಬುದ್ಧಿ ಹೇಳುವ ಹಿರಿಯರು ಯಾರು ಅಂತ ಆಗಲೇ ಬರೆದಿದ್ದೇನೆ.

ನಮ್ಮವರ ಮೇಲೂ ಒಂದು ಮಾತು. ಸಂಘಟನೆಯಲ್ಲಿ ಒಬ್ಬ ಸಂಗಾತಿ ಮಂಕಾಗಿ ಕೂತರೆ 'ಅವನಿಗೆ ತಲೆ ಕೆಟ್ಟಿದೆ, ಬಿಡ್ರಿ' ಅಂತ ಮೀಟಿಂಗಿಗೆ ಕರೆಯುವುದನ್ನೇ ಬಿಡುತ್ತೇವೆ. ನನ್ನದೇ ಒಂದು ಪದ್ಯದಲ್ಲಿ ಧಣಿಯನ್ನು ಹುಚ್ಚ ಅಂತ ಬೈದಿದ್ದೆ. ಚಿಕ್ಕವ್ವನಿಗೆ ಓದಿ ಹೇಳಿದಾಗ ಆಕೆ ಎದ್ದು ಒಲೆ ಕಡೆ ಹೋದಳು. ಹರಿದುಹಾಕಿದೆ.

ಈ ತಿಂಗಳ ಕೊನೆಗೆ ಗುಳಿಗೆ ಮುಗಿಯುತ್ತೆ, ಮತ್ತೆ ಅದೇ ಆಸ್ಪತ್ರೆಗೆ ಹೋಗಬೇಕು. ಈ ಸಲ ಓಪಿಡಿ ಚೀಟಿಯ ಹಿಂದೆ ಕನ್ನಡದಲ್ಲೇ ಬರೆದುಕೊಂಡು ಹೋಗುತ್ತೇನೆ. ದನಿ ಯಾರದು, ಏನು ಹೇಳುತ್ತೆ, ಯಾವ ಬೀದಿ, ಯಾವ ಕಂಬ. ಡಾಕ್ಟರು ಓದಿ ಫೈಲಿಗೆ ಸೇರಿಸುವತನಕ ಕುರ್ಚಿ ಬಿಟ್ಟು ಏಳುವುದಿಲ್ಲ ಅಂತ ಚಿಕ್ಕಯ್ಯನಿಗೆ ಹೇಳಿದೆ.

"ಬರ್ಕೊ. ಯಜಮಾನ್ರ ಹೆಸ್ರು ಮಾತ್ರ ಬರೀಬ್ಯಾಡ ಕಣಪ್ಪ" ಅಂದ. "ಅವ್ರ ಮಗ ಊರಲ್ಲೇ ಅವ್ನೆ."